ತಗ್ಗಿದ ಕಣ್ಣು ಮತ್ತು ನಮ್ಮ ಸಾಹಿತ್ಯ

ಹಾಸನದಲ್ಲಿ ಓದುವಾಗ ನಮಗೊಂದು ಸಂದರ್ಶನದ ತರಬೇತಿ ಇತ್ತು. ಮೊದಲ ಪಾಠವೇ ಇದು: 'ಎದುರಿನವರ ಕಣ್ಣು ನೋಡಿ ಮಾತಾಡಿ. ಕಣ್ಣು ತಪ್ಪಿಸಿದರೆ ಆತ್ಮವಿಶ್ವಾಸ ಇಲ್ಲ ಅಂತ ಅರ್ಥ.' ಅರಕಲಗೂಡು ಕಡೆಯ ಕೇರಿಯಿಂದ ಬಸ್ಸು ಹಿಡಿದು ಬಂದು ಬೆಂಚಿನ ಮೇಲೆ ಕೂತ ನನಗೆ ನಗು ಬಂತು. ನಮ್ಮ ಮನೆಯ ಮೊದಲ ಪಾಠವೇ ಬೇರೆ: 'ಗೌಡ್ರು ಬಂದಾಗ ಕಣ್ ಬಿಟ್ಕಂಡು ನೋಡ್ಬ್ಯಾಡ ಕಣ್ಲಾ, ತಲೆ ತಗ್ಸು.' ಅಪ್ಪ ಅವರ ಹೊಲದಲ್ಲೇ ದುಡಿದು ಮುದುಕನಾದ. ಗೌಡರ ಚಪ್ಪಲಿಯ ಉಂಗುಟ ಎಷ್ಟು ಸಲ ಕಿತ್ತುಹೋಗಿತ್ತು ಅಂತ ಅವನು ಹೇಳಬಲ್ಲ. ಅವರ ಹುಬ್ಬು ಯಾವಾಗ ನರೆಯಿತು ಅಂತ ಹೇಳಲಾರ.

ಇದು ಸಂಕೋಚವಲ್ಲ ಗೆಳೆಯರೆ, ಭೂಮಿಯ ಲೆಕ್ಕ. ಹೊಲ ಯಾರದೋ ಅವರ ಕಣ್ಣು ಮೇಲೆ, ಕೂಲಿ ಯಾರದೋ ಅವರ ಕಣ್ಣು ಕೆಳಗೆ. ನಮ್ಮ ಸಾಹಿತ್ಯ ಈ ಕಣ್ಣನ್ನು ಹೇಗೆ ಕಂಡಿದೆ?

1933ರ 'ಚೋಮನ ದುಡಿ'ಯಲ್ಲಿ ಚೋಮ ತುಂಡು ಭೂಮಿ ಕೇಳುತ್ತಾನೆ, ಸಿಗುವುದಿಲ್ಲ. ಅವನ ಸಂಕಟವನ್ನು ನಾಡಿಗೆ ಕಾಣಿಸಿದ ಕಾರಂತರ ಋಣವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಓದುಗನಿಗೆ ಹುಟ್ಟುವುದು ಕನಿಕರ. ಕನಿಕರವೂ ಮೇಲಿನಿಂದ ಕೆಳಕ್ಕೇ ನೋಡುತ್ತದೆ.

1973ರಲ್ಲಿ ಬಂದ ಅನಂತಮೂರ್ತಿಯವರ 'ಭಾರತೀಪುರ'ದ ಜಗನ್ನಾಥ ಕನಿಕರ ಸಾಲದು ಎಂದು ತಿಳಿದವನು. ಹೊಲೆಯರ ಕೈಲಿ ಸಾಲಿಗ್ರಾಮ ಮುಟ್ಟಿಸಲು ಹೊರಡುತ್ತಾನೆ. ಅವರು ಹಿಂಜರಿದಾಗ ಅವನೊಳಗಿನ ಒಡೆಯನೇ ಎದ್ದು ಗದರುತ್ತಾನೆ. ಅವರು ಮುಟ್ಟುತ್ತಾರೆ, ಹೆದರಿ. ಅನಂತಮೂರ್ತಿ ಇದನ್ನು ಮುಚ್ಚಿಡಲಿಲ್ಲ, ಅದು ಆ ಕಾದಂಬರಿಯ ಪ್ರಾಮಾಣಿಕತೆ. ಆದರೂ ಆ ಕ್ಷಣ ನಮಗೆ ಕಾಣುವುದು ಜಗನ್ನಾಥನ ತಳಮಳ. ಮುಟ್ಟಿದವರ ಕಣ್ಣಲ್ಲಿ ಏನಿತ್ತು? ಪುಸ್ತಕ ಅಲ್ಲಿ ಕುರುಡು. ನಮ್ಮ ತರಬೇತಿಯ ಮೇಷ್ಟರೂ ಸಣ್ಣ ಜಗನ್ನಾಥರೇ. ತಲೆ ತಗ್ಗಿಸು ಅನ್ನುವುದು ಒಂದು ಅಪ್ಪಣೆ, ತಲೆ ಎತ್ತು ಅನ್ನುವುದು ಇನ್ನೊಂದು ಅಪ್ಪಣೆ.

ದೇವನೂರ ಮಹಾದೇವರ 'ಒಡಲಾಳ'ಕ್ಕೆ ಬಂದಾಗ ನನಗೆ ಉಸಿರು ಬಂತು. ಕಳೆದ ಹುಂಜ ಹುಡುಕುವ ಸಾಕವ್ವ ಯಾರ ಕನಿಕರಕ್ಕೂ ಕಾದು ಕೂತವಳಲ್ಲ. ಮನೆಮಂದಿಯೆಲ್ಲ ಸುತ್ತ ಕೂತು ಕಳ್ಳೇಕಾಯಿ ತಿನ್ನುವ ಆ ರಾತ್ರಿ ಮುಖಕ್ಕೆ ಮುಖ ಕೊಟ್ಟು ಮಾತಾಡುವ ಜನ ಕಾಣುತ್ತಾರೆ. ಯಾರೂ ಹೇಳಿಕೊಡದೆ ಅಲ್ಲಿ ಕಣ್ಣುಗಳು ಎದ್ದಿವೆ. ಹೊಸ್ತಿಲಾಚೆ ತಗ್ಗುವ ಕಣ್ಣು ಒಳಗೆ ಎಂದೂ ಸತ್ತಿರಲಿಲ್ಲ ಎಂದು ತೋರಿಸಿದ್ದು ಈ ಕೃತಿ.

ಹೊಸ್ತಿಲಾಚೆಯ ಕಥೆಯನ್ನು ನಮ್ಮ ಜಿಲ್ಲೆಯ ಹೆಂಗಸರೇ ಬರೆದರು. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ಸ್ವಸಹಾಯ ಸಂಘದ ದಲಿತ ಹೆಂಗಸರು ಗುಡಿಯೊಳಗೆ ಹೋದರು. ಅದಕ್ಕೆ ದಂಡ ಹಾಕಿದರು. ದೇವರ ಹೆಸರು ಬಸವೇಶ್ವರ! 2021ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನ ದಲಿತರು ಗುಡಿಗೆ ಹೋಗಬೇಕಾದರೆ ಅಧಿಕಾರಿಗಳು ಜೊತೆಗಿರಬೇಕಾಯಿತು. 1950ರಿಂದ ಸಂವಿಧಾನದ 17ನೇ ವಿಧಿ ಜಾರಿಯಲ್ಲಿದ್ದೂ ಈ ಗತಿ. ದೇವರನ್ನು ಕಣ್ಣಾರೆ ನೋಡುವುದಕ್ಕೂ ಇಷ್ಟು ಕಾವಲು ಬೇಕಾದ ನಾಡಿನಲ್ಲಿ, ದೇವರಂತೆ ಮೆರೆಯುವ ಮನುಷ್ಯನ ಕಣ್ಣು ನೋಡುವುದು ಆತ್ಮವಿಶ್ವಾಸದ ಮಾತಷ್ಟೇ ಏನು?

ಕೊನೆಗೆ ನನ್ನದೇ ತಪ್ಪೊಪ್ಪಿಗೆ. ಗೌಡರ ಮುಂದೆ ನೆಲ ನೋಡುವ ಅಪ್ಪ ಮನೆಗೆ ಬಂದರೆ ಅವ್ವ ನೆಲ ನೋಡಬೇಕು. ಇದರ ಮೇಲೆ ನಾನು ಒಂದು ಪದ್ಯವನ್ನೂ ಬರೆದಿಲ್ಲ. ಮೊನ್ನೆ ಊರಿಗೆ ಹೋದಾಗ ಅವ್ವನ ಎದುರು ಕೂತು, 'ಯವ್ವಾ, ನಿಂಗೇನ್ ಬೇಕು?' ಅಂದೆ. ಒಲೆ ಕಡೆಗೇ ಮುಖ ಮಾಡಿಕೊಂಡು, 'ಏನೂ ಬ್ಯಾಡ ಕಣಪ್ಪ' ಅಂದಳು. ಗೌಡರಿಗೆ ಕೇಳುವ ಪ್ರಶ್ನೆಗಳು ನನ್ನ ಬಳಿ ಬೇಕಾದಷ್ಟಿವೆ. ಅವ್ವ ಯಾಕೆ ನನ್ನ ಕಡೆ ತಿರುಗಲಿಲ್ಲ ಅನ್ನುವ ಪ್ರಶ್ನೆಗೂ ನಮ್ಮ ಬಂಡಾಯ ಉತ್ತರ ಕೊಡಬೇಕು.