ಚಿತ್ರದಾಗ ಕಾಣದ ಎಸರು

ಜೋಳದ ರೊಟ್ಟಿ ಕಲಿಸುವ ಚಿತ್ರಪಾಠಗಳ ಬಗ್ಗೆ ನಂದೊಂದು ತಕರಾರು ಅದರಿ. ಅಕ್ಕಲಕೋಟ, ಸೊಲ್ಲಾಪುರದ ಕಡೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಇರುವ ಮಕ್ಕಳಿಗೆ ಚಿತ್ರ ಅನುಕೂಲ, ಖರೆ. ಕನ್ನಡ ಓದಲು ಬಾರದಿದ್ದರೂ ಕ್ರಮ ತಿಳೀತದ. ಆದರೆ ಹಿಟ್ಟಿನ ಪಕ್ಕ ಒಂದು ಲೋಟ ನೀರು ಬರೆದುಬಿಟ್ಟರೆ, ಅದು ಕುದಿಸಿದ ಎಸರು ಅಂತ ಹೆಂಗ ಗೊತ್ತಾಗಬೇಕು? ಜೋಳಕ್ಕೆ ಗೋಧಿಯ ಜಿಗುಟಿಲ್ಲ. ಬಿಸಿ ಎಸರು ಬಿದ್ದಾಗಲೇ ಅದರ ಪಿಷ್ಟ ಅಂಟು ಹಿಡಿಯುತ್ತದೆ. ತಣ್ಣೀರಲ್ಲಿ ಕಲಸಿದರೆ ಬಡಿಯುವಾಗ ಅಂಚು ಸೀಳುತ್ತದೆ. ಹುಡುಗಿ ತನ್ನ ಕೈಗೇ ಬೈದುಕೊಳ್ಳುತ್ತಾಳೆ, ತಪ್ಪು ಚಿತ್ರದ್ದು.

ಪಾತ್ರೆಯ ಮೇಲೆ ಹಬೆ ಬರೀರಿ. ಸೀಳಿದ ರೊಟ್ಟಿಯನ್ನೂ ತೋರಸ್ರಿ. ‘ಎಸರು’, ‘ನಾದು’, ‘ಬಡಿ’ ಈ ಮಾತುಗಳನ್ನು ಕನ್ನಡದ ಜೊತೆಗೆ ದೇವನಾಗರಿಯಲ್ಲೂ ಬರೀರಿ. ರೊಟ್ಟಿ ಬಂದು ಅದರ ಮಾತು ಹೋದರೆ, ಕಲಿಸಿದ್ದು ಅರ್ಧಾನೇ.