ಗಂಡಭೇರುಂಡ: ಲಾಂಛನದಿಂದ ಪ್ರಾಣಿದೇಹಕ್ಕೆ

ಮೈಸೂರು ಅರಸರ ಲಾಂಛನವಾಗಿದ್ದು, ಕರ್ನಾಟಕದ ರಾಜ್ಯಲಾಂಛನದಲ್ಲಿಯೂ ನೆಲೆಗೊಂಡಿರುವ ಗಂಡಭೇರುಂಡವು ಶಿಲ್ಪಿಗೆ ಒಡ್ಡುವ ತೊಡಕು ಮುಖ್ಯವಾಗಿ ಅಂಗರಚನೆಯದು. ಒಂದೇ ಒಡಲಿಗೆ ಎರಡು ಕೊರಳು ಎಲ್ಲಿ, ಹೇಗೆ ಕೂಡಬೇಕು? ಲಾಂಛನದ ಚಪ್ಪಟೆ ರೇಖೆಯು ಈ ಪ್ರಶ್ನೆಯನ್ನು ಮರೆಮಾಡುತ್ತದೆ. ದುಂಡುಶಿಲ್ಪದಲ್ಲಿ ಅದು ಸಾಧ್ಯವಿಲ್ಲ.

ಬಳ್ಳಿಗಾವೆಯಲ್ಲಿ ಚಾವುಂಡರಾಯರಸನು 1047ರಲ್ಲಿ ನಿಲ್ಲಿಸಿದ ಕಂಬದ ಭೇರುಂಡನಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಎರಡು ಕೊರಳಿನ ಭಾರವನ್ನು ಅಗಲವಾದ ಮನುಷ್ಯ ಹೆಗಲಿಗೆ ಹೊರಿಸಿದ್ದು ಜಾಣ ಪರಿಹಾರವೇ ಸರಿ. ಆದರೆ ಅಲ್ಲಿ ಮೂಡಿರುವುದು ವೀರಪುರುಷನೇ ಹೊರತು ಪ್ರಾಣಿಯಲ್ಲ.

ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಿ ಹಿಡಿದ ದಾರಿ ಬೇರೆ. ಅಲ್ಲಿ ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿವೆ. ಕಂಡ ಪ್ರಾಣಿಗಳಿಂದ ಎಂದೂ ಕಾಣದ ಪ್ರಾಣಿಗಳತ್ತ ನೋಟವು ಸರಿಯುವಾಗ ನಡುವಿನ ಗಡಿ ಅರಿವಿಗೇ ಬರುವುದಿಲ್ಲ. ಸಿಂಹದ ಹಸಿವನ್ನು ನಂಬಿದವನು ಭೇರುಂಡದ ಹಸಿವನ್ನೂ ನಂಬುತ್ತಾನೆ. ಕೆಳದಿಯ ರಾಮೇಶ್ವರ ದೇವಾಲಯದ ಛಾವಣಿಯಲ್ಲಿಯೂ ಈ ಹಕ್ಕಿ ಬೇಟೆಯೊಡನೆಯೇ ಇದೆ.

ರಾಜ್ಯಲಾಂಛನವನ್ನೇ ಹಿಗ್ಗಿಸಿ ಸಿಮೆಂಟಿನಲ್ಲಿ ಕಡೆದರೆ ದೊರೆಯುವುದು ದಪ್ಪನಾದ ಚಿತ್ರ ಮಾತ್ರ. ಅದರ ಇಕ್ಕೆಲದ ಆನೆಮೊಗದ ಸಿಂಹಗಳಿಗೂ ಈ ಮಾತು ಸಲ್ಲುತ್ತದೆ. ಹದ್ದಿನ ಎದೆಗೂಡು, ರೆಕ್ಕೆಯ ಬುಡಗಳನ್ನು ಅಭ್ಯಾಸ ಮಾಡಿದ ಶಿಲ್ಪಿಗೆ ಎರಡನೆಯ ಕೊರಳಿಗಾಗಿ ಎದೆಯನ್ನು ಎಷ್ಟು ಅಗಲಿಸಬೇಕೆಂಬುದು ಹೊಳೆದೀತು. ಹಾಗೆಂದು ಗರಿಗರಿಯನ್ನೂ ನಕಲು ಮಾಡುವ ಹುರುಪು, ವಸ್ತುಸಂಗ್ರಹಾಲಯದ ಹುಲ್ಲು ತುಂಬಿದ ಹಕ್ಕಿಯಲ್ಲಿ ಕೊನೆಗಾಣುವ ಅಪಾಯವೂ ಉಂಟು. ಬೇಲೂರಿನ ಹಕ್ಕಿಯ ಉಗುರಿಗೊಂದು ಕೆಲಸವಿದೆ. ಲಾಂಛನದ ಹಕ್ಕಿಗೆ ಅದನ್ನು ಮರಳಿ ಕೊಡುವ ಶಿಲ್ಪಗಳು ವಿರಳ.