ಕಳ್ಳೆಯ ಗುಡಿ ಮತ್ತು ಹಟ್ಟಿಯ ಹೊರಗಿನ ಗುಡಿಸಲು

ಕಟ್ಟಡದ ರೂಪವಿದ್ದೂ ವಾಸಕ್ಕೆಂದು ಕಟ್ಟದೆ, ಒಂದು ವಿಚಾರವನ್ನು ಕಾಣಿಸಲೆಂದೇ ನಿರ್ಮಿಸುವ ಕೃತಿಗಳನ್ನು ಆಧುನಿಕ ಕಲಾವಿಮರ್ಶೆಯು ಪರಿಕಲ್ಪನಾತ್ಮಕ ಶಿಲ್ಪದ ನೆಲೆಯಲ್ಲಿ ಚರ್ಚಿಸುತ್ತದೆ. ಇಂಥ ಕಲೆಯಲ್ಲಿ ಕಲ್ಪನೆಯೇ ಪ್ರಧಾನ, ನಿರ್ವಹಣೆ ಅದರ ಅನುಸರಣೆ ಎಂಬುದು ಅಮೆರಿಕದ ಕಲಾವಿದ ಸೋಲ್ ಲೆವಿಟ್ 1967ರಲ್ಲಿ ಮಂಡಿಸಿದ ನಿಲುವು. 1995ರಲ್ಲಿ ಕ್ರಿಸ್ಟೋ ಮತ್ತು ಜೀನ್ ಕ್ಲೋಡ್ ದಂಪತಿ ಬರ್ಲಿನ್ನಿನ ರೈಖ್‌ಸ್ಟಾಗ್ ಭವನವನ್ನು ಎರಡು ವಾರಗಳ ಕಾಲ ಬಟ್ಟೆಯಿಂದ ಮುಚ್ಚಿದರು. ಇಂಥ ಕಾಮಗಾರಿಗಳಿಗೆ ಅವರು ಪ್ರಾಯೋಜಕರ ಹಣ ಪಡೆಯದೆ, ಪೂರ್ವಸಿದ್ಧತೆಯ ಚಿತ್ರಗಳನ್ನೂ ಸೀಮಿತ ಪ್ರತಿಗಳ ಮುದ್ರಣಚಿತ್ರಗಳನ್ನೂ ಮಾರಿ ವೆಚ್ಚ ಭರಿಸುತ್ತಿದ್ದರು. ಸೀಮಿತ ಮುದ್ರಣದಲ್ಲಿ ಪ್ರತಿಯ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ನಮೂದಿಸಿ, ಮುದ್ರಣ ಮುಗಿದ ಮೇಲೆ ಫಲಕವನ್ನು ಗೀರಿ ರದ್ದುಗೊಳಿಸುವುದು ವಾಡಿಕೆ. ಹೀಗೆ ಅಳಿಯುವ ಕಟ್ಟಡವೊಂದು ಎಣಿಕೆಯ ಕಾಗದಗಳಲ್ಲಿ ಉಳಿಯುತ್ತದೆ. ಯಾವುದು ಉಳಿಯಬೇಕೆಂಬ ಆಯ್ಕೆಯೂ ಇದರೊಳಗೆ ಅಡಗಿರುತ್ತದೆ.

ಈ ಚರ್ಚೆಯನ್ನು ಚಿತ್ರದುರ್ಗ ಸೀಮೆಗೆ ತಂದು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿಯ ಕಲೆಯ ಪ್ರಸ್ತಾಪ ಬಂದೊಡನೆ ಏಳು ಸುತ್ತಿನ ಕೋಟೆಯ ಕಲ್ಲುಗಳು, ಹಿರಿಯೂರಿನ ತೇರುಮಲ್ಲೇಶ್ವರ ದೇವಾಲಯದ ವರ್ಣಚಿತ್ರಗಳು ನೆನಪಾಗುತ್ತವೆ. ಆದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ ತಾಲ್ಲೂಕುಗಳ ಗೊಲ್ಲರಹಟ್ಟಿಗಳಲ್ಲಿ ನೆಲೆಸಿರುವ ಕಾಡುಗೊಲ್ಲರ ನಿರ್ಮಾಣಕಲೆ ಮುಳ್ಳು, ಸೊಪ್ಪು, ಹುಲ್ಲುಗಳದ್ದು. ಈ ಸಮುದಾಯದ ಸಂಪ್ರದಾಯ ಮತ್ತು ನಂಬಿಕೆಗಳನ್ನು ಕುರಿತ ತೀ.ನಂ. ಶಂಕರನಾರಾಯಣ ಅವರ ಅಧ್ಯಯನ 1982ರಷ್ಟು ಹಿಂದೆಯೇ ಪ್ರಕಟವಾಗಿದ್ದರೂ ಕಲಾವಿಮರ್ಶೆ ಇತ್ತ ಹೊರಳಿದ್ದು ವಿರಳ.

ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯ ಬಳಿ ನಡೆಯುವ ಕ್ಯಾತೆದೇವರ ಜಾತ್ರೆಯಲ್ಲಿ ಮುಳ್ಳಿನ ಕಳ್ಳೆಯನ್ನು ಒಟ್ಟಿ ಗುಡಿಯನ್ನು ಕಟ್ಟಿ, ಅದರ ನೆತ್ತಿಯ ಮೇಲೆ ಕಳಸವಿಡುತ್ತಾರೆ. ಬರಿಗಾಲಿನ ಗೊಲ್ಲ ತರುಣರು ಮುಳ್ಳಿನ ಮೇಲೆ ಹತ್ತಿ ಕಳಸವನ್ನು ಕೀಳುತ್ತಾರೆ. ದೇವರ ಒಲುಮೆಯುಳ್ಳವರಿಗೆ ಮುಳ್ಳು ನಾಟದೆಂಬುದು ನಂಬಿಕೆ. ಮುಂದಿನ ಜಾತ್ರೆಗೆ ಮತ್ತೆ ಹೊಸ ಕಳ್ಳೆ, ಹೊಸ ಗುಡಿ. ಗುಡಿ ಅಳಿದರೂ ಕಟ್ಟುವ ಕ್ರಮ ಅಳಿಯುವುದಿಲ್ಲ. ಲೆವಿಟ್ ಹೇಳಿದ ಕಲ್ಪನೆಯ ಪ್ರಾಧಾನ್ಯಕ್ಕೆ ಇದಕ್ಕಿಂತ ಸಮರ್ಪಕ ನಿದರ್ಶನ ಬೇಕಿಲ್ಲ. ವ್ಯತ್ಯಾಸವೆಂದರೆ, ಇಲ್ಲಿ ಕಲ್ಪನೆ ಒಬ್ಬ ಕಲಾವಿದನ ಸ್ವತ್ತಲ್ಲ, ಸಮುದಾಯದ ಹಕ್ಕು.

ಆದರೆ ವಿಮರ್ಶೆ ಈ ಮೆಚ್ಚುಗೆಯಲ್ಲಿಯೇ ನಿಲ್ಲುವಂತಿಲ್ಲ. ಪಶುಪಾಲಕರ ಬದುಕಿನಲ್ಲಿ ಮುಳ್ಳು ಮೊದಲಿಗೆ ಬೇಲಿ. ಒಳಗು ಹೊರಗುಗಳನ್ನು ಬೇರ್ಪಡಿಸುವ ಈ ಎಲ್ಲೆಯ ಕಲ್ಪನೆಯೇ ದೇವರಿಗೆ ಕಳ್ಳೆಯ ಗುಡಿಯನ್ನು ಕಟ್ಟಿಸಿದೆ. ಮುಟ್ಟಾದವಳನ್ನು, ಹಸುಗೂಸಿನೊಡನೆ ಬಾಣಂತಿಯನ್ನು ಹಟ್ಟಿಯ ಹೊರಗಿನ ಗುಡಿಸಲಿಗೆ ಕಳುಹಿಸಿದ್ದೂ ಅದೇ ಕಲ್ಪನೆ. ಎರಡೂ ತಾತ್ಕಾಲಿಕ ನಿರ್ಮಾಣಗಳು. ಎರಡರ ಸಾಮಗ್ರಿಯೂ ಸುತ್ತಲಿನ ಕಾಡುಮೇಡಿನದು. ಒಂದರ ಮೇಲೆ ಕಳಸವಿದೆ, ಇನ್ನೊಂದರೊಳಗೆ ಜೀವವಿದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಹೊರಗಿನ ಗುಡಿಸಲಿನಲ್ಲಿದ್ದ ಬಾಣಂತಿಯ ಶಿಶು ಅಸುನೀಗಿತು. ಇಂಥ ಬಲವಂತದ ಪ್ರತ್ಯೇಕವಾಸವನ್ನು ರಾಜ್ಯವು 2017ರ ಅಧಿನಿಯಮದಲ್ಲಿ ನಿಷೇಧಿಸಿದ್ದಾಗಿತ್ತು. ಕೆಲವು ಹಟ್ಟಿಗಳಲ್ಲಿ ಹೆಂಗಸರಿಗೆಂದು ಸರ್ಕಾರದ ವತಿಯಿಂದಲೇ ಹೊರಗೆ ಪಕ್ಕಾ ಕಟ್ಟಡಗಳು ಎದ್ದದ್ದೂ ಉಂಟು. ಮಳೆಗಾಳಿಯಿಂದ ರಕ್ಷಣೆ ದೊರೆತದ್ದು ನಿಜ. ಆದರೆ ಪ್ರತಿಸಲವೂ ಅಳಿಯಬಹುದಾಗಿದ್ದ ಎಲ್ಲೆ ಸಿಮೆಂಟಿನಲ್ಲಿ ಶಾಶ್ವತವಾಯಿತು.

ಪ್ರತಿಯ ಪ್ರಶ್ನೆ ಮುಖ್ಯವಾಗುವುದು ಇಲ್ಲಿ. ಕಳ್ಳೆಯ ಗುಡಿಯನ್ನೇರುವ ತರುಣರ ಛಾಯಾಚಿತ್ರ ಪತ್ರಿಕೆಗಳಲ್ಲಿ ಸಾಹಸದೃಶ್ಯವಾಗಿ ಅಚ್ಚಾಗುತ್ತದೆ. ನಾಳೆ ಅದೇ ಬಿಂಬ ಸಂಖ್ಯೆ ನಮೂದಿಸಿದ ಮುದ್ರಣಚಿತ್ರವಾಗಿ ಗೋಡೆಗೇರಬಹುದು. ಗುಡಿಸಲಿನ ಚಿತ್ರಕ್ಕೆ ಅಂಥ ಗೋಡೆಯಿಲ್ಲ. ಅದು ಅಚ್ಚಾಗುವುದು ಸಾವಿನ ಸುದ್ದಿಯ ಜೊತೆಗೆ ಮಾತ್ರ. ಹೀಗೆ ನಮ್ಮ ಕಲಾಸಂಗ್ರಹಗಳಲ್ಲಿ ಸೀಮಿತಗೊಂಡಿರುವುದು ಪ್ರತಿಗಳ ಸಂಖ್ಯೆಯಷ್ಟೇ ಅಲ್ಲ, ನೋಟವೂ ಹೌದು.

ಕಳ್ಳೆಯ ಗುಡಿಯನ್ನು ಹಳಿಯುವುದಾಗಲಿ, ಒಂದು ಸಮುದಾಯವನ್ನು ಆರೋಪಿಯ ಸ್ಥಾನದಲ್ಲಿ ನಿಲ್ಲಿಸುವುದಾಗಲಿ ಈ ಮಾತಿನ ಇಂಗಿತವಲ್ಲ. ಮೈಲಿಗೆಯ ಎಲ್ಲೆಗಳು ಕೋಟೆಕೊತ್ತಲ ಕಟ್ಟಿದವರಲ್ಲಿಯೂ ಇದ್ದವು. ಜನಪದ ನಿರ್ಮಾಣಗಳನ್ನು ದಾಖಲಿಸುವವರು ಪ್ರತಿ ಚಿತ್ರದೊಂದಿಗೆ ಕಟ್ಟಿದವರ ಹೆಸರು, ಊರು, ಸಂದರ್ಭಗಳನ್ನು ನಮೂದಿಸಬೇಕು. ಗುಡಿಯ ಪಕ್ಕದಲ್ಲಿ ಗುಡಿಸಲನ್ನೂ ಇಡಬೇಕು. ಎರಡನ್ನೂ ಒಟ್ಟಿಗೆ ನೋಡಿದಾಗಲೇ ಮುಳ್ಳು ಯಾರ ಕಾಲಿಗೆ ನಾಟಲಿಲ್ಲ, ಯಾರಿಗೆ ನಾಟಿತು ಎಂಬುದು ತಿಳಿದೀತು.